ಬೇಲಿ ಸಾಲಿನ ಶಂಖಪುಷ್ಪ: ಬಯಲುಸೀಮೆಯ ಕೆಂಪು ಮಣ್ಣಿನಲ್ಲಿ ಬೆಳೆಸುವ ಬಗೆ

ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ಹೊಲದ ಬದುಗಳಲ್ಲಿ, ಕತ್ತಾಳೆ ಸಾಲಿನ ಸಂದಿಯಲ್ಲಿ, ಪಾಳುಬಿದ್ದ ಬಾವಿಯ ಕಟ್ಟೆಯ ಸುತ್ತ ಶಂಖಪುಷ್ಪದ ಬಳ್ಳಿ ಚಿಗುರುತ್ತದೆ. ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಕಟ್ಟಿದ್ದಲ್ಲ. ಅದೇ ಬಳ್ಳಿಯನ್ನು ಕುಂಡದಲ್ಲಿಟ್ಟು ದಿನಾ ನೀರೆರೆದು ಗೊಬ್ಬರ ಹಾಕಿದವರು ಮಾತ್ರ ಎಲೆ ಬಂತು, ಹೂವು ಬರಲಿಲ್ಲ ಎನ್ನುತ್ತಾರೆ. ಇಲ್ಲವೇ ಬೀಜವೇ ಮೊಳೆಯಲಿಲ್ಲ ಎನ್ನುತ್ತಾರೆ. ಶಂಖಪುಷ್ಪ ಅವರೆ, ಅಲಸಂದೆ, ಹುರುಳಿಗಳ ಕುಟುಂಬದ ಗಿಡ, ಆದರೆ ಅವುಗಳಂತೆ ಪಳಗಿದ ಬೆಳೆಯಲ್ಲ. ಬೀಜದ ಸಿಪ್ಪೆ ಕಲ್ಲಿನಷ್ಟು ಗಟ್ಟಿ, ತಾಯಿಬೇರು ಆಳಕ್ಕಿಳಿಯುವಂಥದ್ದು, ತನಗೆ ಬೇಕಾದ ಸಾರಜನಕವನ್ನು ಗಾಳಿಯಿಂದ ತಾನೇ ಹಿಡಿದುಕೊಳ್ಳುತ್ತದೆ. ಈ ಕಾಡುಗುಣಗಳಿಗೆ ಅಡ್ಡ ಬರದೆ ಬೆಳೆಸಿದರೆ ವರ್ಷದ ಎಂಟೊಂಬತ್ತು ತಿಂಗಳು ಹೂವು ಕೊಡುತ್ತದೆ.

ಗಿಡದ ಗುರುತು

ಗಿರಿಕರ್ಣಿಕೆ ಎಂಬ ಹೆಸರೂ ಇದಕ್ಕಿದೆ. ಸಸ್ಯಶಾಸ್ತ್ರದಲ್ಲಿ ಕ್ಲೈಟೋರಿಯಾ ಟರ್ನೇಟಿಯಾ. ಬೀಜ ತರಿಸುವಾಗ ಈ ಹೆಸರು ಹೇಳುವುದೇ ಸುರಕ್ಷಿತ. ಗ್ರಂದಿಗೆ ಅಂಗಡಿಯಲ್ಲಿ ಶಂಖಪುಷ್ಪಿ ಎಂದು ಕೊಡುವ ಒಣ ಮೂಲಿಕೆ ಹಲವು ಸಲ ಬೇರೆಯೇ ಗಿಡದ್ದು. ನೆಲಕ್ಕಂಟಿ ಹರಡಿ ಪುಟ್ಟ ನೀಲಿ ಹೂವು ಬಿಡುವ ವಿಷ್ಣುಕ್ರಾಂತಿಯೂ ಬೇರೆ ಗಿಡವೇ. ಅವೆರಡೂ ಅವರೆ ಕುಟುಂಬದವಲ್ಲ, ಅವು ಅವರೆಯಂಥ ಕಾಯಿ ಬಿಡುವುದಿಲ್ಲ.

ಶಂಖಪುಷ್ಪದ ಒಂದೊಂದು ಎಲೆಯಲ್ಲೂ ಒಟ್ಟು ಐದರಿಂದ ಏಳು ಕಿರುಎಲೆಗಳು ಇರುತ್ತವೆ, ಪಕ್ಕದವು ಜೋಡಿಜೋಡಿಯಾಗಿ, ತುದಿಯದು ಒಂಟಿಯಾಗಿ. ಬಳ್ಳಿಗೆ ಕುಡಿಕೊಕ್ಕೆ ಇಲ್ಲ, ಕಾಂಡವೇ ಆಸರೆಗೆ ಸುತ್ತಿಕೊಂಡು ಏರುತ್ತದೆ. ಅವರೆ ಹೂವಿನಲ್ಲಿ ದೊಡ್ಡ ಎಸಳು ಮೇಲಿದ್ದರೆ ಇದರಲ್ಲಿ ಅದು ಕೆಳಗೆ ಚಾಚಿಕೊಂಡಿರುತ್ತದೆ, ಹೂವು ತಲೆಕೆಳಗಾದ ಹಾಗೆ. ನಡುವೆ ಬಿಳಿ ಅಥವಾ ತಿಳಿಹಳದಿ ಮಚ್ಚೆ. ಕಾಯಿ ಚಪ್ಪಟೆ, 5ರಿಂದ 10 ಸೆಂ.ಮೀ. ಉದ್ದ, ಒಳಗೆ ಆರರಿಂದ ಹತ್ತು ಬೀಜ. ಕಾಡಿನಲ್ಲಿ ನೀಲಿಯೇ ಹೆಚ್ಚು, ಅಲ್ಲಲ್ಲಿ ಬಿಳಿಯೂ ಸಿಗುತ್ತದೆ. ನರ್ಸರಿಗಳಲ್ಲಿ ಸಿಗುವ ಸುತ್ತು ಎಸಳಿನ ನೀಲಿ ಹೂವು ಇದರದ್ದೇ ಇನ್ನೊಂದು ರೂಪ.

ಬೀಜ ತರುವುದು, ಗಿಡ ಕೀಳದಿರುವುದು

ಬೇಲಿಯಲ್ಲಿ ಚೆಂದದ ಬಳ್ಳಿ ಕಂಡರೆ ಬುಡ ಅಗೆದು ತರಬೇಡಿ. ನೆಲದ ಮೇಲೆ ಒಂದು ಗೇಣು ಬಳ್ಳಿ ಕಂಡರೆ ತಾಯಿಬೇರು ಅದಕ್ಕಿಂತ ಆಳಕ್ಕೆ ಹೋಗಿರುತ್ತದೆ. ಗುದ್ದಲಿಗೆ ಅದು ತುಂಡಾಗುತ್ತದೆ, ತುಂಡಾದ ಗಿಡ ನಾಲ್ಕು ದಿನ ಹಸಿರಾಗಿದ್ದು ಒಣಗುತ್ತದೆ. ಅಲ್ಲಿದ್ದ ಬಳ್ಳಿಯೂ ಹೋಯಿತು, ಇಲ್ಲಿಗೆ ತಂದದ್ದೂ ಹೋಯಿತು.

ಕಾಯಿ ತನ್ನಿ. ನವೆಂಬರ್‌ನಿಂದ ಜನವರಿವರೆಗೆ ಒಣಗಿದ ಕಾಯಿ ಸಿಗುತ್ತವೆ. ಹುಲ್ಲಿನ ಬಣ್ಣಕ್ಕೆ ತಿರುಗಿ, ಅಲುಗಿಸಿದರೆ ಒಳಗೆ ಗಿಲಿಗಿಲಿ ಎನ್ನುವ ಕಾಯಿ ಹದವಾದದ್ದು. ಇನ್ನೂ ಎರಡು ದಿನ ಬಿಟ್ಟರೆ ಬಿಸಿಲಿಗೆ ಸಿಡಿದು ಎರಡು ಹೋಳು ಸುರುಳಿಯಾಗಿ ಬೀಜ ಚೆಲ್ಲುತ್ತದೆ. ಹಸಿರು ಕಾಯಿ ಕಿತ್ತು ಮನೆಯಲ್ಲಿ ಒಣಗಿಸಿದರೆ ಬೀಜ ಸುಕ್ಕುಗಟ್ಟುತ್ತದೆ, ಮೊಳೆಯುವುದಿಲ್ಲ. ಒಂದೇ ಬಳ್ಳಿಯಿಂದ ಎಲ್ಲ ಕಾಯಿ ಕೀಳದೆ ನಾಲ್ಕೈದು ಬಳ್ಳಿಯಿಂದ ಎರಡೆರಡು ತೆಗೆದುಕೊಳ್ಳಿ. ಒಂದು ಮನೆಯ ಬೇಲಿಗೆ ಹತ್ತು ಕಾಯಿ ಧಾರಾಳ. ಬದುವಾದರೆ ಹೊಲದವರನ್ನು ಕೇಳಿ, ಮೀಸಲು ಅರಣ್ಯದೊಳಗೆ ಹೋಗಿ ಕೀಳಬೇಡಿ.

ಕತ್ತಾಳೆ, ಪಾಪಸುಕಳ್ಳಿ, ಸೀಮೆಜಾಲಿ ಮುಳ್ಳಿನ ನಡುವೆಯೇ ಈ ಬಳ್ಳಿ ಉಳಿದಿರುವುದಕ್ಕೆ ಕಾರಣವಿದೆ. ಮೇಕೆ, ಕುರಿ, ದನ ಇದನ್ನು ಇಷ್ಟಪಟ್ಟು ಮೇಯುತ್ತವೆ. ಎಲೆಯಲ್ಲಿ ಪ್ರೋಟೀನ್ ಹೇರಳ, ಹಲವು ದೇಶಗಳಲ್ಲಿ ಮೇವಿಗೆಂದೇ ಬಿತ್ತುತ್ತಾರೆ. ಬಯಲಲ್ಲಿ ಮೊಳೆತದ್ದೆಲ್ಲ ಮೇಕೆಯ ಬಾಯಿಗೆ ಹೋಗಿ ಮುಳ್ಳಿನ ಒಳಗಿನದ್ದಷ್ಟೇ ಉಳಿಯುತ್ತದೆ. ಅಂಗಳಕ್ಕೆ ಬೇಲಿ ಇಲ್ಲದಿದ್ದರೆ ಬಿತ್ತುವ ಮೊದಲು ಬೇಲಿ ಮಾಡಿಕೊಳ್ಳಿ, ಮೊದಲ ಎರಡು ತಿಂಗಳಾದರೂ ಸೀಮೆಜಾಲಿ ಕೊಂಬೆ ಸುತ್ತ ನೆಡಿ.

ಬಿತ್ತುವ ಕಾಲ

ಮಳೆಯನ್ನೇ ನೆಚ್ಚಿಕೊಂಡವರಿಗೆ ಮೃಗಶಿರಾ ಮಳೆಯಿಂದ ಆರಿದ್ರಾ ಮಳೆಯವರೆಗೆ, ಅಂದರೆ ಜೂನ್ ಎರಡನೇ ವಾರದಿಂದ ಜುಲೈ ಮೊದಲ ವಾರದವರೆಗೆ, ಒಳ್ಳೆಯ ಸಮಯ. ನಮ್ಮ ಕಡೆ ಮುಂಗಾರು ಹನಿಸಿ ಕೈಬಿಡುವುದು ಮಾಮೂಲು, ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್‌ನಲ್ಲಿ ಬಿತ್ತಿದ ಗಿಡ ಅಷ್ಟರೊಳಗೆ ಬೇರು ಇಳಿಸಿಕೊಂಡಿರುತ್ತದೆ, ಉತ್ತರೆ, ಹಸ್ತದ ಮಳೆಗೆ ಹೂವಿನ ಭರಾಟೆ ಶುರುವಾಗುತ್ತದೆ.

ಕೈನೀರು ಹಾಕುವವರು ಮಾರ್ಚ್‌ನಿಂದಲೇ ಬಿತ್ತಬಹುದು. ಬೀಜ ಚೆನ್ನಾಗಿ ಮೊಳೆಯುವುದು 24ರಿಂದ 32 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆಯಲ್ಲಿ. ಡಿಸೆಂಬರ್, ಜನವರಿಯಲ್ಲಿ ಮಾತ್ರ ಬಿತ್ತಬೇಡಿ. ಚಿಕ್ಕಬಳ್ಳಾಪುರ, ಚಿಂತಾಮಣಿ ಕಡೆಯ ಆ ಚಳಿಗೆ ಬೀಜ ಮಣ್ಣಲ್ಲೇ ಕೂತು ಕೊಳೆಯುತ್ತದೆ, ಮೊಳೆತ ಸಸಿಯೂ ಏಳುವುದಿಲ್ಲ.

ಬಿತ್ತಿದ ಏಳೆಂಟು ವಾರಕ್ಕೆ ಮೊದಲ ಹೂವು. ಶನಿವಾರದ ಪೂಜೆಗೆ ನೀಲಿ ಹೂವು ಬೇಕೆನ್ನುವವರು ಈ ಲೆಕ್ಕ ಹಿಡಿದು ಬಿತ್ತಬೇಕು. ಪಾವಗಡದ ಶನಿಮಹಾತ್ಮನ ಗುಡಿಗೆ ಶ್ರಾವಣದಲ್ಲಿ ಹೋಗುವವರಿಗೆ ಮನೆಯ ಹೂವೇ ಕೈಗೆ ಸಿಗಬೇಕಾದರೆ ಮೇ ಮಧ್ಯದೊಳಗೆ ಬೀಜ ಮಣ್ಣಿಗೆ ಬಿದ್ದಿರಬೇಕು. ಮಳೆ ಬರಲಿ ಎಂದು ಕಾದರೆ ಶ್ರಾವಣ ಅರ್ಧ ಕಳೆದ ಮೇಲೋ ಮುಗಿದ ಮೇಲೋ ಹೂವು.

ಬೀಜದ ಸಿಪ್ಪೆ ಮುರಿಯುವುದು

ಬೆಳೆಸುವವರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಕಾಡಿನಲ್ಲಿ ಈ ಬೀಜಕ್ಕೆ ಅವಸರವಿಲ್ಲ. ಸಿಪ್ಪೆ ನೀರನ್ನು ಒಳಗೆ ಬಿಡುವುದೇ ಇಲ್ಲ. ಒಂದಷ್ಟು ಬೀಜ ಈ ಮಳೆಗೆ, ಇನ್ನಷ್ಟು ಮುಂದಿನ ವರ್ಷದ ಮಳೆಗೆ ಮೊಳೆಯುತ್ತವೆ. ಬರಗಾಲದಲ್ಲಿ ಎಲ್ಲ ಸಸಿ ಒಟ್ಟಿಗೆ ಸಾಯದಂತೆ ಅದು ಮಾಡಿಕೊಂಡ ಏರ್ಪಾಡು. ನಮಗೆ ಮಾತ್ರ ಎಲ್ಲ ಬೀಜವೂ ಒಂದೇ ವಾರದಲ್ಲಿ ಮೊಳೆಯಬೇಕು, ಹಾಗಾಗಿ ಸಿಪ್ಪೆಯನ್ನು ನಾವೇ ಮುರಿಯಬೇಕು. ಆ ವರ್ಷ ಒಣಗಿಸಿದ ಹೊಸ ಬೀಜಕ್ಕೆ ಇದು ಇನ್ನೂ ಮುಖ್ಯ. ಆರು ತಿಂಗಳು ಮನೆಯಲ್ಲಿಟ್ಟ ಬೀಜ ಸ್ವಲ್ಪ ಸಡಿಲಗೊಂಡಿರುತ್ತದೆ.

ಹತ್ತಿಪ್ಪತ್ತು ಬೀಜಕ್ಕೆ ಉಗುರುಕತ್ತರಿ ಸಾಕು. ಬೀಜವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ: ಕಾಯಿಗೆ ಅಂಟಿಕೊಂಡಿದ್ದ ಕಡೆ ಪುಟ್ಟ ಕಣ್ಣು ಕಾಣುತ್ತದೆ. ಮೊಳಕೆ ಇರುವುದು ಆ ಕಣ್ಣಿನ ಹತ್ತಿರ, ಅಲ್ಲಿ ಮುಟ್ಟಬೇಡಿ. ಅದರ ಎದುರು ಬದಿಯಲ್ಲಿ ಕಪ್ಪು ಸಿಪ್ಪೆಯ ಒಂದು ಚೂರು ಮಾತ್ರ ಹಾರುವಂತೆ ಕತ್ತರಿಸಿ. ಒಳಗಿನ ತಿಳಿಬಣ್ಣದ ತಿರುಳು ಸಾಸಿವೆ ಕಾಳಿನ ಅರ್ಧದಷ್ಟು ಕಂಡರೆ ನಿಲ್ಲಿಸಿ. ತಿರುಳನ್ನೇ ಕತ್ತರಿಸಿದರೆ ಆ ಗಾಯದಲ್ಲಿ ಬೂಸ್ಟು ಹಿಡಿಯುತ್ತದೆ.

ಬೀಜ ಹೆಚ್ಚಿದ್ದರೆ ಮರಳು ಕಾಗದ. ಒಂದು ಡಬ್ಬಿಯ ಒಳಗೋಡೆಗೆ ಒರಟು ಮರಳು ಕಾಗದ ಸುತ್ತಿ, ಬೀಜ ಹಾಕಿ, ಮುಚ್ಚಳ ಬಿಗಿದು ಐದಾರು ನಿಮಿಷ ಜೋರಾಗಿ ಅಲುಗಿಸಿ. ಹೊಳಪು ಹೋಗಿ ಬೀಜ ಮಂಕಾದರೆ ಹದ. ಬಿಸಿನೀರಿನ ದಾರಿಯೂ ಇದೆ: ನೀರು ಕುದಿಸಿ ಒಲೆಯಿಂದಿಳಿಸಿ, ಐದು ನಿಮಿಷ ಆರಲು ಬಿಟ್ಟು, ಬೀಜದ ಮೇಲೆ ಸುರಿದು ತಾನಾಗಿ ತಣ್ಣಗಾಗಲು ಬಿಡುವುದು. ಒಲೆಯ ಮೇಲೆ ಕುದಿಯುತ್ತಿರುವ ನೀರಿಗೇ ಬೀಜ ಹಾಕಿದರೆ ಬೆಂದುಹೋಗುತ್ತದೆ. ಬಿಸಿನೀರಿಗಿಂತ ಉಗುರುಕತ್ತರಿಯೇ ನಂಬಿಕೆಗೆ ಅರ್ಹ. ಪ್ರತಿ ಬೀಜವೂ ಕೈಯಿಂದ ಹಾದು ಹೋಗುವುದರಿಂದ ಹುಳ ತಿಂದದ್ದು, ಜೊಳ್ಳು ಅಲ್ಲೇ ಗೊತ್ತಾಗುತ್ತದೆ.

ನಂತರ ಬೆಚ್ಚಗಿನ ನೀರಿನಲ್ಲಿ 8ರಿಂದ 12 ಗಂಟೆ ನೆನೆಸಿ. ಸಂಜೆ ಹಾಕಿದರೆ ಬೆಳಗ್ಗೆ ನೋಡಬಹುದು. ನೀರು ಕುಡಿದ ಬೀಜ ಎರಡರಷ್ಟು ಉಬ್ಬಿರುತ್ತದೆ. ಉಬ್ಬದೆ ಹಾಗೆಯೇ ಇದ್ದವನ್ನು ಎಸೆಯಬೇಡಿ, ಅವು ಸತ್ತ ಬೀಜಗಳಲ್ಲ, ಸಿಪ್ಪೆ ಇನ್ನೂ ಮುರಿದಿಲ್ಲ ಅಷ್ಟೆ. ಮತ್ತೆ ಉಗುರುಕತ್ತರಿ ಆಡಿಸಿ, ಮತ್ತೆ ನೆನೆಸಿ. 24 ಗಂಟೆ ಮೀರಿ ಯಾವುದನ್ನೂ ನೀರಿನಲ್ಲಿ ಬಿಡಬೇಡಿ, ಹುಳಿ ವಾಸನೆ ಬಂದು ಕೊಳೆಯುತ್ತವೆ.

ಬಿತ್ತುವ ಮುನ್ನ ಬೀಜಕ್ಕೆ ರೈಜೋಬಿಯಂ, ಅಂದರೆ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿದುಕೊಡುವ ಸೂಕ್ಷ್ಮಾಣುವಿನ ಪುಡಿ, ಲೇಪಿಸಿದರೆ ಒಳ್ಳೆಯದು. ಅಲಸಂದೆಗೆ ಕೊಡುವ ರೈಜೋಬಿಯಂ ಇದಕ್ಕೂ ಹೊಂದುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಕೋಲಾರದ ಟಮಕ, ಚಿಂತಾಮಣಿ ಬಳಿಯ ಕುರುಬೂರು, ತುಮಕೂರಿನ ಹಿರೇಹಳ್ಳಿ, ತಿಪಟೂರಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲೂ ಕೇಳಬಹುದು. ಬೆಲ್ಲದ ನೀರಲ್ಲಿ ಒಂದು ಚಮಚ ಪುಡಿ ಕಲಸಿ, ನೆನೆದ ಬೀಜಕ್ಕೆ ಹಚ್ಚಿ, ನೆರಳಲ್ಲಿ ಅರ್ಧ ಗಂಟೆ ಆರಿಸಿ ಬಿತ್ತಿ. ಬಿಸಿಲಿಗಿಟ್ಟರೆ ಸೂಕ್ಷ್ಮಾಣುಗಳು ಸಾಯುತ್ತವೆ. ಪೊಟ್ಟಣ ಸಿಗದಿದ್ದರೆ ಹಿಂದಿನ ವರ್ಷ ಅವರೆಯೋ ಅಲಸಂದೆಯೋ ಹುರುಳಿಯೋ ಬೆಳೆದ ಹೊಲದ ಮಣ್ಣು ಗುಂಡಿಗೆ ಒಂದೊಂದು ಬೊಗಸೆ ಹಾಕಿ, ಅದೂ ಅದೇ ಕೆಲಸ ಮಾಡುತ್ತದೆ. ಕಟ್ಟಡದ ಪಾಯ ತೋಡಿದಾಗ ಬಂದ ಆಳದ ಕೆಂಪು ಮಣ್ಣು ತುಂಬಿದ ಅಂಗಳಗಳಲ್ಲಿ ಇದನ್ನು ಬಿಡಲೇಬಾರದು. ಆ ಮಣ್ಣಿನಲ್ಲಿ ಜೀವ ಕಡಿಮೆ.

ಗುಂಡಿ ಮತ್ತು ಕುಂಡ

ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗ ಬೇಕು. ಮಾವು, ಹೊಂಗೆ, ಹುಣಸೆ ಮರದ ನೆರಳಲ್ಲಿ ಬಳ್ಳಿ ಬದುಕುತ್ತದೆ, ಹೂವು ಬಿಡುವುದಿಲ್ಲ.

ನೆಲದಲ್ಲಾದರೆ ಒಂದೂವರೆ ಅಡಿಗೊಂದು ಗುಂಡಿ, ಒಂದು ಅಡಿ ಅಗಲ, ಒಂದೂವರೆ ಅಡಿ ಆಳ. ನಮ್ಮ ಕೆಂಪು ಮಣ್ಣಿನಲ್ಲಿ ಮುಕ್ಕಾಲು ಅಡಿಗೆ ಗಟ್ಟಿ ಪದರ ಸಿಗುವುದುಂಟು. ಹಾರೆ ಹಾಕಿ ಅದನ್ನು ಒಡೆಯಲೇಬೇಕು, ಇಲ್ಲವಾದರೆ ತಾಯಿಬೇರು ಅಡ್ಡ ತಿರುಗಿ ಬೇಸಿಗೆಯಲ್ಲಿ ಗಿಡ ಬಾಡುತ್ತದೆ. ತೆಗೆದ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 2 ಕೆ.ಜಿ., ಬೇವಿನ ಹಿಂಡಿ 100 ಗ್ರಾಂ, ಸಿಂಗಲ್ ಸೂಪರ್ ಫಾಸ್ಫೇಟ್ 25 ಗ್ರಾಂ ಬೆರೆಸಿ ತುಂಬಿ. ಬೇರುಗಂಟುಗಳು ಕೆಲಸ ಮಾಡಲು ರಂಜಕ ಬೇಕು, ಸೂಪರ್ ಫಾಸ್ಫೇಟ್ ಅದಕ್ಕಾಗಿ. ಕೆರೆಗೋಡು ಸಿಕ್ಕಿದರೆ ಎರಡು ಗುಂಡಿಗೆ ಒಂದು ಮಂಕರಿ ಸೇರಿಸಿ, ತೇವ ಹಿಡಿದಿಡುತ್ತದೆ. ಅದಕ್ಕಿಂತ ಹೆಚ್ಚು ಹಾಕಿದರೆ ಮಳೆಗಾಲದಲ್ಲಿ ಅಂಟು ಮಣ್ಣಾಗಿ ಬುಡ ಕೊಳೆಯುತ್ತದೆ.

ಕುಂಡ 12ರಿಂದ 14 ಇಂಚಿನದ್ದಿರಲಿ, ಅಗಲಕ್ಕಿಂತ ಆಳ ಮುಖ್ಯ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಎರೆಗೊಬ್ಬರ, 50 ಗ್ರಾಂ ಬೇವಿನ ಹಿಂಡಿ. ತಳದ ತೂತಿನ ಮೇಲೆ ಹಂಚಿನ ಚೂರು. ಒಂದು ಕುಂಡಕ್ಕೆ ಎರಡೇ ಗಿಡ.

ಒಂದೊಂದು ಕಡೆ ಮೂರು ಬೀಜ, ಒಂದೂವರೆಯಿಂದ 2 ಸೆಂ.ಮೀ. ಆಳ. ಬೆರಳಿನ ಮೊದಲ ಗೆಣ್ಣಿಗಿಂತ ಆಳಕ್ಕೆ ಹೋಗಬಾರದು. ಮೊದಲೇ ನೀರು ಹಾಕಿ ಹದ ಮಾಡಿದ ಮಣ್ಣಿಗೆ ಬಿತ್ತಿ. ಬಿತ್ತಿದ ಮೇಲೆ ಜೋರಾಗಿ ಸುರಿದರೆ ಕೆಂಪು ಮಣ್ಣು ಒಣಗಿ ಹೆಪ್ಪುಗಟ್ಟುತ್ತದೆ, ಮೊಳಕೆ ಅದನ್ನು ಒಡೆದು ಬರಲಾರದು. ಮೇಲೆ ತೆಳ್ಳಗೆ ರಾಗಿಹುಲ್ಲು ಹರಡಿ, ಮೊಳಕೆ ಕಂಡ ದಿನ ತೆಗೆದುಬಿಡಿ. ಐದರಿಂದ ಹತ್ತು ದಿನದಲ್ಲಿ ಮೊಳೆಯುತ್ತದೆ. ಎರಡು ವಾರಕ್ಕೆ ದಪ್ಪ ಕಾಂಡದ ಒಂದು ಸಸಿ ಉಳಿಸಿ ಮಿಕ್ಕವನ್ನು ಬುಡದಲ್ಲೇ ಕತ್ತರಿಸಿ. ಎಳೆದು ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ.

ಸಸಿ ಮಡಿ ಮಾಡಿ ನಾಟಿ ಮಾಡುವ ಬೆಳೆಯಲ್ಲ ಇದು. ಮಾಡಲೇಬೇಕಿದ್ದರೆ ಕಾಗದದ ಲೋಟದಲ್ಲಿ ಬಿತ್ತಿ, ನಾಲ್ಕು ಎಲೆ ಬರುವಷ್ಟರಲ್ಲಿ ತಳ ಹರಿದು ಲೋಟ ಸಮೇತ ಗುಂಡಿಗಿಡಿ.

ಹಬ್ಬಿಸುವುದು, ಚಿವುಟುವುದು

ಬಳ್ಳಿ ಎಂಟತ್ತು ಅಡಿ ಹೋಗುತ್ತದೆ, ಆದರೆ ತೂಕ ಹೆಚ್ಚಿಲ್ಲ. ಟೊಮೆಟೊಗೆ ನೆಡುವ ನೀಲಗಿರಿ ಕಡ್ಡಿಗಳೇ ಸಾಕು. ಆರು ಅಡಿಗೊಂದು ಕಡ್ಡಿ ನೆಟ್ಟು, ನೆಲದಿಂದ ಒಂದಡಿ ಬಿಟ್ಟು ಒಂದೊಂದು ಅಡಿಗೆ ಅಡ್ಡ ದಾರ ಕಟ್ಟಿ, ಮೇಲಿನ ದಾರದಿಂದ ನೆಲಕ್ಕೆ ಸೆಣಬಿನ ಹುರಿ ಇಳಿಬಿಡಿ. ಬಳ್ಳಿ ಸುತ್ತಿಕೊಳ್ಳುವುದು ಸಣ್ಣ ಆಸರೆಯನ್ನು. ದಪ್ಪ ಕಂಬಕ್ಕೆ, ಬೋಳು ಗೋಡೆಗೆ ಅದು ಏರುವುದಿಲ್ಲ. ಎತ್ತರ ಆರು ಅಡಿ ಮೀರದಿರಲಿ, ಕೈಗೆಟುಕದ ಹೂವೆಲ್ಲ ಕಾಯಿಯಾಗುತ್ತದೆ. ದಾಳಿಂಬೆ, ಸೀಬೆಯ ಎಳೆ ಗಿಡಕ್ಕೆ ಹಬ್ಬಲು ಬಿಡಬೇಡಿ, ಮುಚ್ಚಿಹಾಕಿಬಿಡುತ್ತದೆ.

ಸಸಿ ಒಂದು ಗೇಣು ಬಂದು ಐದಾರು ಎಲೆ ಆದಾಗ ತುದಿ ಚಿವುಟಿ. ಬುಡದಿಂದ ಮೂರು ನಾಲ್ಕು ಕವಲು ಬರುತ್ತವೆ. ಎಲೆ ಬುಡದಿಂದ ಹೂವು ಬರುವ ಗಿಡವಾದ್ದರಿಂದ ಕವಲು ಹೆಚ್ಚಾದಷ್ಟೂ ಹೂವು ಹೆಚ್ಚು. ಚಿವುಟದಿದ್ದರೆ ಒಂದೇ ಬಳ್ಳಿ ನೆಟ್ಟಗೆ ಮೇಲಕ್ಕೆ ಹೋಗಿ, ಬುಡ ಬೋಳಾಗಿ, ತುದಿಯಲ್ಲಷ್ಟೇ ಹೂವು.

ನೀರು, ಗೊಬ್ಬರ, ಹೂವು ಬಾರದಿರುವುದು

ನೆಲದ ಗಿಡಕ್ಕೆ ಮೊದಲ ತಿಂಗಳು ಮೂರು ದಿನಕ್ಕೊಮ್ಮೆ ನೀರು. ಆಮೇಲೆ ಮಳೆ ಇಲ್ಲದಾಗ ವಾರಕ್ಕೊಮ್ಮೆ, ಗಿಡಕ್ಕೆ ಐದಾರು ಲೀಟರ್, ಬುಡದ ಆಳಕ್ಕೆ ಇಳಿಯುವಂತೆ. ದಿನಾ ಒಂದು ಚೊಂಬು ಚಿಮುಕಿಸುವುದರಿಂದ ಬೇರು ಮೇಲೆಯೇ ಉಳಿಯುತ್ತದೆ. ಕುಂಡಕ್ಕೆ ಎರಡು ಗೆಣ್ಣು ಬೆರಳಿಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ. ಏಪ್ರಿಲ್, ಮೇ ಬಿಸಿಲಿಗೆ ಕುಂಡಕ್ಕೆ ದಿನವೂ ಬೇಕಾಗುತ್ತದೆ.

ಯೂರಿಯಾ ಕೊಡಬೇಡಿ. ಹಸಿ ಸಗಣಿ, ಕೋಳಿ ಗೊಬ್ಬರವೂ ಬೇಡ. ಸಾರಜನಕ ಸುಲಭವಾಗಿ ಸಿಕ್ಕರೆ ಗಿಡ ಬೇರುಗಂಟು ಕಟ್ಟುವುದನ್ನೇ ನಿಲ್ಲಿಸಿ ಎಲೆ ತುಂಬಿಕೊಳ್ಳುತ್ತದೆ. ಹೂವು ಬರಲಿಲ್ಲ ಎನ್ನುವ ಹತ್ತರಲ್ಲಿ ಏಳೆಂಟು ಅಂಗಳದಲ್ಲಿ ಗಿಡ ಕಡುಹಸಿರಾಗಿ ಸೊಂಪಾಗಿಯೇ ಇರುತ್ತದೆ. ಅಂಥಲ್ಲಿ ಗೊಬ್ಬರ ನಿಲ್ಲಿಸಿ, ನೀರು ಅರ್ಧಕ್ಕಿಳಿಸಿ, ಬಳ್ಳಿಯನ್ನು ಮೂರನೇ ಒಂದು ಪಾಲು ಕತ್ತರಿಸಿದರೆ ಸುಮಾರು ಒಂದು ತಿಂಗಳೊಳಗೆ ಮೊಗ್ಗು ಕಾಣುತ್ತದೆ. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಅಕ್ಟೋಬರ್‌ನಲ್ಲಿ, ಬುಡಕ್ಕೆ ಒಂದೆರಡು ಬೊಗಸೆ ಕಳಿತ ಗೊಬ್ಬರ, ಒಂದು ಹಿಡಿ ಒಲೆ ಬೂದಿ, ಅಷ್ಟೇ ಸಾಕು. ಗಡಸು ನೀರು ಬೀಳುವ ಕುಂಡಕ್ಕೆ ಬೂದಿಯೂ ಬೇಡ.

ಬೇರು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಕಣ್ಣಾರೆ ನೋಡಬಹುದು. ಆರು ವಾರದ ಒಂದು ಹೆಚ್ಚುವರಿ ಸಸಿಯ ಸುತ್ತ ನೀರು ಹಾಕಿ ಮಣ್ಣು ಮೆದುವಾದ ಮೇಲೆ ಬೇರು ಸಮೇತ ಎತ್ತಿ, ನೀರಲ್ಲಿ ಅದ್ದಿ ಮಣ್ಣು ಬಿಡಿಸಿ. ಬೇರಿನ ಪಕ್ಕಕ್ಕೆ ಅಂಟಿದ ಪುಟ್ಟ ಉಂಡೆಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ: ಒಳಗೆ ಮಾಂಸದಂತೆ ಕೆಂಪಗಿದ್ದರೆ ಸಾರಜನಕ ಹಿಡಿಯುತ್ತಿದೆ, ಬೆಳ್ಳಗೆ ಅಥವಾ ಹಸಿರಾಗಿದ್ದರೆ ಇಲ್ಲ. ಉಂಡೆಯೇ ಇಲ್ಲದಿದ್ದರೆ ಅವರೆ ಹೊಲದ ಮಣ್ಣನ್ನು ಈಗಲಾದರೂ ಬುಡಕ್ಕೆ ಹಾಕಿ ನೀರು ಕೊಡಿ.

ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಸಾರಜನಕದ ಕೊರತೆಯಲ್ಲ, ಕಬ್ಬಿಣದ್ದು. ಕೋಲಾರ, ಚಿಕ್ಕಬಳ್ಳಾಪುರದ ಆಳ ಬೋರ್‌ವೆಲ್‌ಗಳ ಗಡಸು ನೀರು ಕುಂಡಕ್ಕೆ ತಿಂಗಳುಗಟ್ಟಲೆ ಬಿದ್ದರೆ ಮಣ್ಣಿನ ಕ್ಷಾರ ಏರಿ ಕಬ್ಬಿಣ ಬೇರಿಗೆ ಸಿಗುವುದಿಲ್ಲ. ಕುಂಡದ ಅಂಚಿನ ಬಿಳಿ ಪೊರೆ ಇದರ ಗುರುತು. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಮಳೆಗಾಲದಲ್ಲಿ ಕುಂಡವನ್ನು ಸೂರಿನಿಂದಾಚೆ ಇಟ್ಟು ಮಳೆನೀರು ಹಾದು ಹೋಗಲು ಬಿಟ್ಟರೆ ಉಪ್ಪು ತೊಳೆದುಹೋಗುತ್ತದೆ. ನೆಲದ ಗಿಡಕ್ಕೆ ಈ ತೊಂದರೆ ಅಪರೂಪ.

ಹೂವು ನಿಲ್ಲಲು ಇನ್ನೊಂದು ಕಾರಣ ಕಾಯಿ. ಈ ಹೂವು ಅರಳುವ ಮೊದಲೇ ಒಳಗೆ ಪರಾಗ ಚೆಲ್ಲಿ ತನ್ನಿಂದ ತಾನೇ ಫಲ ಕಟ್ಟುತ್ತದೆ. ದುಂಬಿ ಬಾರದಿದ್ದರೂ ಕೀಳದೆ ಬಿಟ್ಟ ಹೂವು ಹೆಚ್ಚುಕಡಿಮೆ ಕಾಯಿಯಾಗುತ್ತದೆ. ಕಾಯಿ ಬಲಿಯತೊಡಗಿದರೆ ಬಳ್ಳಿಯ ಕಸುವೆಲ್ಲ ಅತ್ತ ಹೋಗಿ ಹೊಸ ಮೊಗ್ಗು ಕಡಿಮೆಯಾಗುತ್ತದೆ. ಹೂವಿಗಾಗಿ ಬೆಳೆಸುವವರು ವಾರಕ್ಕೊಮ್ಮೆ ಎಳೆ ಕಾಯಿಗಳನ್ನು ಚಿವುಟಿ ಹಾಕಲೇಬೇಕು.

ಹುಳ, ರೋಗ

ಇದು ಗಟ್ಟಿ ಗಿಡ. ಆದರೂ ಅವರೆ ಸೊಗಡಿನ ಕಾಲದಲ್ಲಿ, ಡಿಸೆಂಬರ್ ಆಸುಪಾಸು, ಅವರೆ ಹೊಲದ ಕಪ್ಪು ಸಸ್ಯಹೇನು ಇದರ ಕುಡಿಗೂ ಏರುತ್ತದೆ. ಕುಡಿ ಮುರುಟಿ ಅಂಟಂಟಾದರೆ ಪೈಪಿನ ನೀರು ರಭಸವಾಗಿ ಬಿಟ್ಟು ತೊಳೆಯಿರಿ. ಹೋಗದಿದ್ದರೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆ, ಅದು ಬೆರೆಯಲು ಒಂದೆರಡು ಮಿ.ಲೀ. ಸೋಪಿನ ದ್ರಾವಣ ಹಾಕಿ ಸಂಜೆ ಸಿಂಪಡಿಸಿ. ನಾಲ್ಕು ದಿನ ಆ ಬಳ್ಳಿಯ ಹೂವನ್ನು ಬಿಸಿನೀರಿಗೆ ಹಾಕಿ ಕುಡಿಯಬೇಡಿ.

ಶಿಡ್ಲಘಟ್ಟ, ಚಿಂತಾಮಣಿ, ಮಾಲೂರು ಕಡೆ ಬಳ್ಳಿಯ ಪಕ್ಕ ಹಿಪ್ಪುನೇರಳೆ ತೋಟವಿದ್ದರೆ ಬೇವಿನೆಣ್ಣೆಯನ್ನೂ ಸಿಂಪಡಿಸಬಾರದು. ಗಾಳಿಗೆ ತೇಲಿದ ಹನಿ ಸೊಪ್ಪಿನ ಮೇಲೆ ಬಿದ್ದರೆ ರೇಷ್ಮೆಹುಳು ಮೇವು ಬಿಡುತ್ತದೆ, ಹಣ್ಣಾಗುವ, ಅಂದರೆ ಗೂಡು ಕಟ್ಟಲು ಬಲಿತ, ಹುಳು ಸಾಯುತ್ತದೆ. ಅಲ್ಲಿ ನೀರಿನ ರಭಸ, ಕೈಯಲ್ಲಿ ಕುಡಿ ಚಿವುಟುವುದು ಇವೆರಡೇ ದಾರಿ.

ಮಾರ್ಚ್‌ನಿಂದ ಮೇವರೆಗೆ ಎಲೆಯ ಮೇಲೆ ಬಿಳಿ ಚುಕ್ಕೆ, ಕೆಳಗೆ ಜೇಡರ ಬಲೆಯಂಥ ನೂಲು ಕಂಡರೆ ನುಸಿ. ಎಲೆಯ ಅಡಿಭಾಗಕ್ಕೆ ಮೂರು ದಿನಕ್ಕೊಮ್ಮೆ ನೀರು ಹೊಡೆದರೆ ಹತೋಟಿಗೆ ಬರುತ್ತದೆ. ಇಬ್ಬನಿ ಬೀಳುವ ದಿನಗಳಲ್ಲಿ ಬೂದಿರೋಗ ಬಂದರೆ ಕರಗುವ ಗಂಧಕ ಲೀಟರಿಗೆ 3 ಗ್ರಾಂ, ಬಿಸಿಲೇರುವ ಮೊದಲು. ಬೇಸಿಗೆ ಮಧ್ಯಾಹ್ನ ಗಂಧಕ ಹೊಡೆದರೆ ಎಲೆ ಸುಡುತ್ತದೆ.

ಟೊಮೆಟೊ ಬೆಳೆದು ಬೆಳೆದು ಸೋತ ಜಮೀನಿನಲ್ಲಿ, ಹಳೆಯ ಪಾಲಿಹೌಸ್ ಮಣ್ಣಿನಲ್ಲಿ ಬೇರುಗಂಟು ಜಂತು ಹೆಚ್ಚು. ಗಿಡ ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುತ್ತ ದಿನೇ ದಿನೇ ಕುಗ್ಗಿದರೆ ಬೇರು ನೋಡಿ. ಉಪಕಾರದ ಗಂಟಿಗೂ ಜಂತಿನ ಗಂಟಿಗೂ ವ್ಯತ್ಯಾಸ ಸುಲಭ. ಬೆರಳಲ್ಲಿ ಉಜ್ಜಿದರೆ ಕಳಚಿ ಬರುವುದು ಸಾರಜನಕದ ಉಂಡೆ. ಬೇರೇ ಊದಿಕೊಂಡಂತಿದ್ದು ಕಳಚದೇ ಇರುವುದು ಜಂತಿನದ್ದು. ಅಂಥ ಗಿಡ ಉಳಿಯುವುದಿಲ್ಲ, ಕಿತ್ತು ಸುಡಿ. ಆ ಜಾಗದಲ್ಲಿ ಒಂದು ಬೆಳೆ ಚೆಂಡುಹೂವು ಬೆಳೆದು, ಬೇವಿನ ಹಿಂಡಿ ಸೇರಿಸಿ, ಆಮೇಲೆ ಬಿತ್ತಿ.

ಹೂವು ಕೊಯ್ಲು

ಹೂವು ಬೆಳಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಇಬ್ಬನಿ ಆರಿದ ಮೇಲೆ, ಬೆಳಗ್ಗೆ ಒಂಬತ್ತರೊಳಗೆ ಕೀಳಿ. ಪೂಜೆಗಾದರೆ ತೊಟ್ಟು ಸಮೇತ ಕಿತ್ತು ಒದ್ದೆ ಬಟ್ಟೆಯಲ್ಲಿಟ್ಟರೆ ಮಧ್ಯಾಹ್ನದವರೆಗೆ ನಿಲ್ಲುತ್ತದೆ.

ಒಣಗಿಸಲು ಹೂವನ್ನು ಬಿಳಿ ಬಟ್ಟೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ, ಗಾಳಿಯಾಡುವ ನೆರಳಲ್ಲಿ ಎರಡು ಮೂರು ದಿನ ಇಡಿ. ಬಿಸಿಲಿಗೆ ನೀಲಿ ಕಳೆಗುಂದುತ್ತದೆ. ಎಸಳು ಬೇಗ ಒಣಗಿದರೂ ಹಸಿರು ಬುಡ ಹಸಿಯಾಗಿಯೇ ಇರುತ್ತದೆ. ಅದು ಪಟಕ್ಕೆಂದು ಮುರಿದರೆ ಮಾತ್ರ ಡಬ್ಬಿಗೆ ಹಾಕಿ, ಇಲ್ಲವಾದರೆ ವಾರದಲ್ಲಿ ಇಡೀ ಡಬ್ಬಿ ಬೂಸ್ಟು. ಸುಮಾರು 10 ಕೆ.ಜಿ. ಹಸಿ ಹೂವಿಗೆ 1 ಕೆ.ಜಿ. ಒಣ ಹೂವು ಸಿಗುತ್ತದೆ. ಬೆಳಕು ಬೀಳದ, ಗಾಳಿಯಾಡದ ಡಬ್ಬಿಯಲ್ಲಿಡಿ.

ಒಂದು ಲೋಟ ಬಿಸಿನೀರಿಗೆ ಐದಾರು ಒಣ ಹೂವು, ಐದು ನಿಮಿಷ. ಕಡುನೀಲಿ ಬರುತ್ತದೆ, ನಿಂಬೆಹುಳಿ ಹಿಂಡಿದರೆ ನೇರಳೆಗೆ ತಿರುಗುತ್ತದೆ. ಹೂವಿನ ಆಂಥೋಸಯನಿನ್ ಬಣ್ಣ ಹುಳಿಗೆ ಹೀಗೆ ಬದಲಾಗುವಂಥದ್ದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರಲ್ಲಿ ಈ ಹೂವಿನ ಸಾರವನ್ನು ಆಹಾರದ ಬಣ್ಣವಾಗಿ ಒಪ್ಪಿದೆ. ಬಸುರಿಯರು ಕುಡಿಯದಿರುವುದು ಒಳ್ಳೆಯದು. ಬೀಜ ಮತ್ತು ಬೇರು ಮಾತ್ರ ಭೇದಿ ತರಿಸುವಂಥವು, ಬಾಯಿಗೆ ಹಾಕಬಾರದು. ಕಾಯಿ ಹುರುಳಿಕಾಯಿಯಂತೆ ಕಾಣುವುದರಿಂದ ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ.

ಮುಂದಿನ ವರ್ಷಕ್ಕೆ

ಬಳ್ಳಿ ಎರಡು ಮೂರು ವರ್ಷ ಚೆನ್ನಾಗಿ ಹೂವು ಕೊಡುತ್ತದೆ. ನೀರಿನ ಅನುಕೂಲವಿದ್ದರೆ ಚಳಿ ಮುಗಿದ ಕೂಡಲೇ ಫೆಬ್ರವರಿ ಕೊನೆಗೆ, ಮಳೆಯಾಶ್ರಯವಾದರೆ ಮೇ ಕೊನೆಗೆ, ನೆಲದಿಂದ ಒಂದಡಿ ಬಿಟ್ಟು ಎಲ್ಲ ಬಳ್ಳಿ ಕತ್ತರಿಸಿ. ಕತ್ತರಿಸಿದ ಸೊಪ್ಪು ದನಕ್ಕೆ, ಮೇಕೆಗೆ ಹಾಕಬಹುದು, ಬಲಿತ ಕಾಯಿ ಇದ್ದರೆ ಮೊದಲು ಬಿಡಿಸಿ.

ಬೀಜಕ್ಕೆಂದು ಅಕ್ಟೋಬರ್‌ನಿಂದ ಒಂದು ಬಳ್ಳಿಯನ್ನು ಹೂವು ಕೀಳದೆ ಬಿಡಿ. ತನ್ನದೇ ಪರಾಗದಿಂದ ಕಾಯಿ ಕಟ್ಟುವುದರಿಂದ ನೀಲಿಯ ಬೀಜಕ್ಕೆ ಹೆಚ್ಚಾಗಿ ನೀಲಿಯೇ ಬರುತ್ತದೆ. ಆದರೂ ದುಂಬಿಗಳು ಆಗಾಗ ಬೆರೆಸುತ್ತವೆ, ಬಿಳಿಯದನ್ನು ಶುದ್ಧವಾಗಿ ಉಳಿಸಬೇಕಾದವರು ಅದನ್ನು ಅಂಗಳದ ಇನ್ನೊಂದು ಮೂಲೆಯಲ್ಲಿ ಬೆಳೆಸಿ, ಬೀಜಕ್ಕೆ ಬಿಡುವ ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟಬೇಕು. ಸಿಡಿಯುವ ಮೊದಲು ಕಾಯಿ ಕಿತ್ತು, ಚೀಲದೊಳಗೆ ಎರಡು ದಿನ ಬಿಸಿಲಿಗಿಟ್ಟರೆ ತಾವೇ ಒಡೆಯುತ್ತವೆ. ಬೀಜವನ್ನು ಮತ್ತೆ ಮೂರು ದಿನ ನೆರಳಲ್ಲಿ ಒಣಗಿಸಿ, ಸೋಸಿದ ಒಲೆ ಬೂದಿ ಬೆರೆಸಿ, ಬಣ್ಣ ಮತ್ತು ವರ್ಷ ಬರೆದ ಸೀಸೆಯಲ್ಲಿ ತುಂಬಿ ತಣ್ಣನೆಯ ಕಪಾಟಿನಲ್ಲಿಡಿ. ಬೂದಿ ಹಾಕದ ಸೀಸೆಗೆ ಬೇಸಿಗೆಯೊಳಗೆ ಕಾಳು ಕೊರೆಯುವ ಹುಳ ಬೀಳುತ್ತದೆ.